ಜರ್ಮನ್ ಜಿರಳೆಯ ತವರು ಜರ್ಮನಿಯಲ್ಲ

'ಅಡುಗೆಮನೆಯಲ್ಲಿ ಓಡಾಡುವ ಸಣ್ಣ ಜರ್ಮನ್ ಜಿರಳೆ ಫಾರಿನ್ ಸಾಮಾನಿನ ಜೊತೆ ಬಂದದ್ದಲ್ವಾ?'

ಈ ತಿಂಗಳೂ ಇದೇ ಪ್ರಶ್ನೆ! ಹೆಸರು ನೋಡಿ ಊರು ಹೇಳುವ ಚಟ ಬಿಡಿ ಸ್ವಾಮಿ. 1767ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಆ ಹೆಸರಿಟ್ಟ, ಅಷ್ಟೆ. ಅದರ ಹತ್ತಿರದ ಕಾಡು ನೆಂಟರು ಯುರೋಪಿನಲ್ಲಿ ಇಲ್ಲವೇ ಇಲ್ಲ. 2024ರಲ್ಲಿ 17 ದೇಶಗಳ 281 ಜಿರಳೆಗಳ ಡಿಎನ್‌ಎಯನ್ನು ವಿಜ್ಞಾನಿಗಳು ಓದಿ ನೋಡಿದರು. ಸುಮಾರು 2100 ವರ್ಷದ ಹಿಂದೆ, ಭಾರತ ಇಲ್ಲವೇ ಮ್ಯಾನ್ಮಾರ್ ಕಡೆ, ಇದು ಏಷ್ಯನ್ ಜಿರಳೆಯಿಂದ ಕವಲೊಡೆದಿದೆ. ಅಂದರೆ ಕಳಿಸಿದವರು ನಾವೇ ಇರಬಹುದು. ಸುಮಾರು 1200 ವರ್ಷದ ಹಿಂದೆ ಪಶ್ಚಿಮ ಏಷ್ಯಾಕ್ಕೆ ಹೋಯಿತು, 390 ವರ್ಷದ ಹಿಂದೆ ಯುರೋಪಿನ ವ್ಯಾಪಾರಿ ಹಡಗುಗಳ ಕಾಲಕ್ಕೆ ಪೂರ್ವಕ್ಕೆ.

ದಾರಿ ಹೇಗೆ ಗೊತ್ತಾಯಿತು ಅಂತೀರಾ? ಹಡಗು ಹತ್ತಿದ್ದು ನಾಲ್ಕಾರು ಜಿರಳೆ ಅಂತಿಟ್ಟುಕೊಳ್ಳಿ. ಹೊಸ ಊರಲ್ಲಿ ಲಕ್ಷಗಟ್ಟಲೆ ಆದರೂ ಎಲ್ಲವೂ ಆ ನಾಲ್ಕಾರರದ್ದೇ ಸಂತಾನ, ಹಾಗಾಗಿ ತವರಿನ ಡಿಎನ್‌ಎ ವೈವಿಧ್ಯದಲ್ಲಿ ಒಂದು ಚೂರು ಮಾತ್ರ ಅಲ್ಲಿರುತ್ತದೆ. ಯಾವ ಊರಿನ ಚೂರು ಯಾವ ಊರಿನದಕ್ಕೆ ಹೊಂದುತ್ತದೆ ಅಂತ ನೋಡುತ್ತಾ ಹೋಗಬೇಕು.

ನೋಡಲು ಜರ್ಮನ್, ಏಷ್ಯನ್ ಜಿರಳೆ ಎರಡೂ ಒಂದೇ, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಏಷ್ಯನ್ನದು ಹೊರಗೆ ತರಗೆಲೆಯಲ್ಲಿದ್ದು ದೀಪಕ್ಕೆ ಹಾರಿ ಬರುತ್ತದೆ. ಜರ್ಮನ್ನದಕ್ಕೆ ರೆಕ್ಕೆ ಇದ್ದರೂ ಹಾರುವುದಿಲ್ಲ, ಮನುಷ್ಯರನ್ನು ಬಿಟ್ಟು ಬದುಕುವುದೂ ಇಲ್ಲ. ಹೆಣ್ಣು 30-40 ಮೊಟ್ಟೆಯ ಚೀಲವನ್ನು ಮರಿಯಾಗುವವರೆಗೂ ಹಿಂದೆ ಅಂಟಿಸಿಕೊಂಡೇ ಓಡಾಡುತ್ತದೆ. ಕಿರಾಣಿ ಡಬ್ಬದೊಳಗೆ ಅಂಥದ್ದು ಒಂದು ಬಂದರೆ ಸಾಕು.

'ಜಿರಳೆ ಕೊಲ್ಲುವ ಜೆಲ್ ಹಾಕಿದರೂ ಮುಟ್ಟುತ್ತಿಲ್ಲ, ಡೂಪ್ಲಿಕೇಟಾ?' ಇರಬಹುದು. ಆದರೆ ಗ್ಲೂಕೋಸ್ ಕಂಡರೆ ದೂರ ಹೋಗುವ ಜಿರಳೆಗಳ ಬಗ್ಗೆ 1993ರಲ್ಲೇ ವರದಿ ಬಂದಿದೆ, ಅವುಗಳ ನಾಲಿಗೆಗೆ ಅದು ಕಹಿ. ಸಿಹಿ ಹಾಕಿದ ಜೆಲ್ ತಿಂದವು ಸತ್ತವು, ತಿನ್ನದವು ಮರಿ ಮಾಡಿದವು. ಬೇರೆ ಬಗೆಯ ಜೆಲ್ ಹಾಕಿ ನೋಡಿ. ಡೋಸ್ ಡಬಲ್ ಮಾಡೋಣ ಸಾರ್ ಅನ್ನುವವರನ್ನು ನಾನಂತೂ ಮನೆಯೊಳಗೆ ಬಿಡುವುದಿಲ್ಲ, ಮಕ್ಕಳಿರುವ ಮನೆ.

'ಪ್ಲಗ್‌ಗೆ ಹಾಕುವ ಅಲ್ಟ್ರಾಸೌಂಡ್ ಮೆಷಿನ್?' ದುಡ್ಡು ದಂಡ.

'ಅಣುಬಾಂಬ್ ಬಿದ್ದರೂ ಸಾಯಲ್ವಂತೆ?' ಚಪ್ಪಲಿಗೆ ಸಾಯುತ್ತದೆ, ಅದು ಸಾಕು.

'ಜಿರಳೆಯನ್ನು ನಿಮ್ಮ ಲ್ಯಾಬ್‌ಗೆ ಪರೀಕ್ಷೆಗೆ ಕಳಿಸಬಹುದಾ?' ಕಳಿಸಿ, ಆದರೆ ಚಪ್ಪಲಿಯಲ್ಲಿ ಅರೆದು ಪ್ಲಾಸ್ಟಿಕ್ ಕವರ್‌ಗೆ ತುಂಬಿ ಬೇಡ. ಹೋದ ಸಲ ಬಂದದ್ದನ್ನು ಬಿಚ್ಚಿದ ದಿನ ಲ್ಯಾಬ್‌ನಲ್ಲಿ ಯಾರೂ ಊಟ ಮಾಡಲಿಲ್ಲ. ಸ್ಟ್ರಾಂಗ್ ಆಲ್ಕೋಹಾಲ್‌ನಲ್ಲಿ ಮುಳುಗಿಸಿದರೆ ಡಿಎನ್‌ಎಗೆ ಒಂದು ಕಾಲು ಸಾಕು.