ಹಳೇ ಮಿಯಾಟಾಗೆ ದೊಡ್ಡ ರೇಡಿಯೇಟರ್ ಬೇಕಾ?

1994ರ ಮಾಜ್ಡಾ ಮಿಯಾಟಾ ಕಾರು, ದಿನಾ ಆಫೀಸಿಗೆ, ವರ್ಷಕ್ಕೆ ಒಂದೆರಡು ಸಲ ರೇಸ್ ಟ್ರ್ಯಾಕ್‌ಗೆ, ಎಂಜಿನ್ ತಣಿಸುವ ರೇಡಿಯೇಟರ್ ಬದಲಿಸಬೇಕಾ ಅಂತ ಕೇಳಿದ್ದೀರಿ. ಬರೀ ರಸ್ತೆ ಓಡಾಟಕ್ಕಾದರೆ ದೊಡ್ಡದು ಬೇಡ. ಎಂಜಿನ್ ಎಷ್ಟು ಬಿಸಿಯಲ್ಲಿ ಓಡಬೇಕು ಅನ್ನೋದನ್ನು ಥರ್ಮೋಸ್ಟಾಟ್ ನೋಡಿಕೊಳ್ಳುತ್ತದೆ, ಅದು ಸರಿಯಿದ್ದರೆ ದೊಡ್ಡ ರೇಡಿಯೇಟರ್ ಹಾಕಿದ ಮಾತ್ರಕ್ಕೆ ಕಾರು ಇನ್ನೂ ತಣ್ಣಗೇನೂ ಓಡುವುದಿಲ್ಲ, ಸುಮ್ನೆ ದುಡ್ಡು ಖರ್ಚು.

ಬಿಸಿ ಏರುತ್ತಿದ್ದರೆ, ಯಾವಾಗ ಏರುತ್ತದೆ ನೋಡಿ. ಸಿಗ್ನಲ್‌ನಲ್ಲಿ ನಿಂತಾಗ ಏರಿ, ಹೊರಟ ಮೇಲೆ ಇಳಿದರೆ ಮೊದಲ ಅನುಮಾನ ಫ್ಯಾನ್ ಮೇಲೆ. ಹೈವೇಯಲ್ಲಿ ಏರಿದರೆ ಬಗ್ಗಿ, ಮೂತಿಯ ಕೆಳಗಿನ ಪ್ಲಾಸ್ಟಿಕ್ ತಟ್ಟೆ ಇದೆಯಾ ನೋಡಿ. ಎಷ್ಟೋ ಕಾರುಗಳಲ್ಲಿ ಅದು ಕಿತ್ತುಹೋಗಿರುತ್ತದೆ, ಆಗ ಗಾಳಿ ರೇಡಿಯೇಟರ್ ಒಳಗೆ ನುಗ್ಗದೆ ಕೆಳಗಿಂದ ಜಾರಿಹೋಗುತ್ತದೆ.

ಬಾನೆಟ್ ಎತ್ತಿ ರೇಡಿಯೇಟರ್ ಮೇಲಿನ ಪ್ಲಾಸ್ಟಿಕ್ ಟ್ಯಾಂಕ್ ಬಣ್ಣವನ್ನೂ ನೋಡಿ. ಹೊಸದರಲ್ಲಿ ಕಪ್ಪಗಿದ್ದದ್ದು ಈಗ ಹಸಿರು ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿದ್ದರೆ ಪ್ಲಾಸ್ಟಿಕ್ ಸೊರಗಿದೆ ಅಂತಲೇ ಅರ್ಥ, ಯಾವಾಗ ಬೇಕಾದರೂ ಸೀಳಬಹುದು, ಕಾಯಬೇಡಿ. ಹೇಗೂ ಬದಲಿಸಲೇಬೇಕು, ಟ್ರ್ಯಾಕ್‌ಗೂ ಹೋಗ್ತೀರಿ ಅಲ್ವಾ, ಆಗ ದಪ್ಪ ಅಲ್ಯೂಮಿನಿಯಂದೇ ಹಾಕಿಸಿ. ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ತುಂಬಿ ಶಕ್ತಿ ಏರಿಸುವ ಸಾಧನ) ಹಾಕಿಸುವುದಿದ್ದರಂತೂ ಎರಡನೇ ಯೋಚನೆಯೇ ಬೇಡ, ದಪ್ಪದ್ದೇ ಹಾಕಿಸಿ.