ಎ ಪ್ಲಸ್ ಪರೀಕ್ಷೆಗೆ ಏನನ್ನು ಓದಬೇಕು, ಯಾವುದಕ್ಕೆ ಹಣ ಹಾಕಬೇಕು

ಬಿ.ಕಾಂ. ಮುಗಿಸಿ ಉಡುಪಿಯ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿರುವ ನೀವು ಮೂರು ವಿಷಯಗಳನ್ನು ಕೇಳಿದ್ದೀರಿ. ಕಂಪ್ಯೂಟರ್ ರಿಪೇರಿ ಮತ್ತು ನಿರ್ವಹಣೆಯ ಆರಂಭಿಕ ಪ್ರಮಾಣಪತ್ರಕ್ಕಾಗಿ ಕಾಂಪ್‌ಟಿಯಾ ಸಂಸ್ಥೆ ನಡೆಸುವ ಎ ಪ್ಲಸ್ ಪರೀಕ್ಷೆಗೆ ಯಾವ ಪುಸ್ತಕ ಅಥವಾ ವಿಡಿಯೋ ಪಾಠವನ್ನು ಕೊಳ್ಳಬೇಕು, ಸ್ನೇಹಿತರು ಕೊಟ್ಟಿರುವ 220-1101 ಎಂಬ ಸಂಕೇತದ ಹಿಂದಿನ ಆವೃತ್ತಿಯ ಹಳೆಯ ಪುಸ್ತಕ ಸಾಲುತ್ತದೆಯೇ, ಟೆಲಿಗ್ರಾಂನಲ್ಲಿ ಸಿಗುವ ‘ನಿಜವಾದ ಪ್ರಶ್ನೆಗಳ’ ಪಿಡಿಎಫ್ ಅನ್ನು ನಂಬಬಹುದೇ ಎಂಬುದು ನಿಮ್ಮ ಪ್ರಶ್ನೆ. ಮಂಗಳೂರಿನಲ್ಲಿ ಕಚೇರಿಗಳ ಕಂಪ್ಯೂಟರ್ ಮತ್ತು ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸದಲ್ಲಿರುವ ನಾನು ಈ ಪರೀಕ್ಷೆ ಬರೆದವನು, ನಮ್ಮಲ್ಲಿ ಹೊಸದಾಗಿ ಸೇರುವವರನ್ನು ಇದಕ್ಕೆ ತಯಾರು ಮಾಡುವವನೂ ಹೌದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಓದುವ ಸಾಮಗ್ರಿಗೆ ಕಡಿಮೆ ಖರ್ಚು ಮಾಡಿ, ಬಿಚ್ಚಿ ಜೋಡಿಸಬಹುದಾದ ಒಂದು ಹಳೆಯ ಯಂತ್ರಕ್ಕೆ ಉಳಿದ ಹಣವನ್ನು ಇಡಿ. ಯಾವುದನ್ನು ಕೊಳ್ಳುವ ಮೊದಲೂ ಅದನ್ನು ಅಧಿಕೃತ ಸಿಲೆಬಸ್ ಪಟ್ಟಿಯೊಂದಿಗೆ ತಾಳೆ ಹಾಕಿ ನೋಡಿ.

ಆ ಪಟ್ಟಿಗೆ ಎಕ್ಸಾಮ್ ಆಬ್ಜೆಕ್ಟಿವ್ಸ್ ಎಂದು ಹೆಸರು, ಕಾಂಪ್‌ಟಿಯಾ ಸಂಸ್ಥೆಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಎ ಪ್ಲಸ್ ಎಂದರೆ ಒಂದೇ ಪರೀಕ್ಷೆಯಲ್ಲ. ಕೋರ್ 1 ಮತ್ತು ಕೋರ್ 2 ಎಂಬ ಎರಡನ್ನೂ ಪಾಸು ಮಾಡಿದರೆ ಮಾತ್ರ ಪ್ರಮಾಣಪತ್ರ ಬರುತ್ತದೆ, ಆದ್ದರಿಂದ ಎರಡು ಪಟ್ಟಿಗಳನ್ನು ಇಳಿಸಿಕೊಳ್ಳಬೇಕು. 2025ರ ಮಾರ್ಚ್‌ನಲ್ಲಿ ಬಂದ ಆವೃತ್ತಿಯ ಸಂಕೇತಗಳು 220-1201 ಮತ್ತು 220-1202. ಪ್ರತಿ ಪತ್ರಿಕೆಗೂ 90 ನಿಮಿಷ, ಗರಿಷ್ಠ 90 ಪ್ರಶ್ನೆಗಳು. ಕೋರ್ 1ರಲ್ಲಿ ಹಾರ್ಡ್‌ವೇರ್ ಮತ್ತು ನೆಟ್‌ವರ್ಕ್ ದೋಷಪತ್ತೆಗೆ ಶೇ. 28, ಹಾರ್ಡ್‌ವೇರ್‌ಗೆ ಶೇ. 25, ನೆಟ್‌ವರ್ಕಿಂಗ್‌ಗೆ ಶೇ. 23, ಮೊಬೈಲ್ ಸಾಧನಗಳಿಗೆ ಶೇ. 13, ವರ್ಚುವಲೈಸೇಶನ್ (ಒಂದೇ ಯಂತ್ರದೊಳಗೆ ಹಲವು ಯಂತ್ರಗಳನ್ನು ಓಡಿಸುವುದು) ಮತ್ತು ಕ್ಲೌಡ್‌ಗೆ ಶೇ. 11 ಪಾಲು ಇದೆ. ಕೋರ್ 2ರಲ್ಲಿ ಆಪರೇಟಿಂಗ್ ಸಿಸ್ಟಂ ಮತ್ತು ಸೆಕ್ಯುರಿಟಿಗೆ ತಲಾ ಶೇ. 28, ಸಾಫ್ಟ್‌ವೇರ್ ದೋಷಪತ್ತೆಗೆ ಶೇ. 23, ಕೆಲಸದ ರೀತಿನೀತಿಗಳಿಗೆ ಶೇ. 21. ದೋಷಪತ್ತೆ ಎರಡು ಪತ್ರಿಕೆಗಳಲ್ಲೂ ಎಷ್ಟು ದೊಡ್ಡ ಪಾಲನ್ನು ಪಡೆದಿದೆ ಎಂಬುದನ್ನು ಗಮನಿಸಿ. ಬಿಡಿಭಾಗಗಳ ಹೆಸರು, ಚಿತ್ರ, ವ್ಯಾಖ್ಯಾನಗಳಿಗೆ ನೂರಾರು ಪುಟ ಕೊಟ್ಟು, ದೋಷಪತ್ತೆಯನ್ನು ಕೊನೆಯ ಒಂದು ತೆಳ್ಳಗಿನ ಅಧ್ಯಾಯದಲ್ಲಿ ಮುಗಿಸುವ ಪುಸ್ತಕ ಎಷ್ಟೇ ಅಂದವಾಗಿದ್ದರೂ ನಿಮಗೆ ಬೇಡ.

ಪಟ್ಟಿಯ ಕೊನೆಯ ಪುಟಗಳನ್ನು ಹೆಚ್ಚಿನವರು ತೆರೆದೂ ನೋಡುವುದಿಲ್ಲ. ಅಲ್ಲಿ ಎರಡು ಬೆಲೆಬಾಳುವ ವಸ್ತುಗಳಿವೆ. ಒಂದು, ಪರೀಕ್ಷೆಯಲ್ಲಿ ಬರಬಹುದಾದ ಸಂಕ್ಷಿಪ್ತ ರೂಪಗಳ ವಿಸ್ತರಣೆ. ಇನ್ನೊಂದು, ಅಭ್ಯಾಸಕ್ಕೆ ಯಾವ ಯಾವ ಉಪಕರಣ ಮತ್ತು ಸಾಫ್ಟ್‌ವೇರ್ ಇಟ್ಟುಕೊಂಡರೆ ಒಳ್ಳೆಯದು ಎಂದು ಸಂಸ್ಥೆಯೇ ಸೂಚಿಸುವ ವಿವರ. ಈ ಎರಡನೆಯದನ್ನು ಹಿಡಿದುಕೊಂಡು ನಿಮ್ಮ ಅಂಗಡಿಯ ಮೂಲೆಯಲ್ಲಿ ಬಿದ್ದಿರುವ ಸಾಮಾನುಗಳನ್ನು ಒಮ್ಮೆ ನೋಡಿ. ಅರ್ಧಕ್ಕರ್ಧ ಅಲ್ಲೇ ಸಿಗುತ್ತದೆ. ಅಂಗಡಿಯಲ್ಲಿ ಕೆಲಸ ಮಾಡುವವರಿಗೆ ಇರುವ ಈ ಅನುಕೂಲ ಕಾಲೇಜಿನಲ್ಲಿ ಕುಳಿತು ಓದುವವರಿಗೆ ಇಲ್ಲ.

ಇನ್ನು ಹಳೆಯ ಪುಸ್ತಕದ ವಿಚಾರ. 220-1101 ಮತ್ತು 220-1102 ಪರೀಕ್ಷೆಗಳು 2025ರ ಸೆಪ್ಟೆಂಬರ್‌ನಲ್ಲಿ ನಿಂತುಹೋಗಿವೆ, ಹಾಗಾಗಿ ಅದನ್ನೇ ನೆಚ್ಚಿಕೊಂಡು ಪರೀಕ್ಷೆಗೆ ಹೋಗುವಂತಿಲ್ಲ. ಹಾಗೆಂದು ಅದನ್ನು ರದ್ದಿಗೆ ಹಾಕಬೇಡಿ. ಲೇಸರ್ ಪ್ರಿಂಟರ್ ಕೆಲಸ ಮಾಡುವ ಏಳು ಹಂತಗಳು, ಹಲವು ಡಿಸ್ಕ್‌ಗಳನ್ನು ಒಂದಾಗಿ ಬಳಸುವ ರೇಡ್ ವಿಧಾನದ 0, 1, 5, 10ರ ನಡುವಿನ ವ್ಯತ್ಯಾಸ, ಎಸ್‌ಎಸ್‌ಎಚ್‌ಗೆ 22, ಡಿಎನ್‌ಎಸ್‌ಗೆ 53, ರಿಮೋಟ್ ಡೆಸ್ಕ್‌ಟಾಪ್‌ಗೆ 3389 ಎಂದು ನೆಟ್‌ವರ್ಕ್ ಸೇವೆಗಳನ್ನು ಗುರುತಿಸುವ ಪೋರ್ಟ್ ಸಂಖ್ಯೆಗಳು, ಇವು ಆವೃತ್ತಿ ಬದಲಾದ ಮಾತ್ರಕ್ಕೆ ಬದಲಾಗುವುದಿಲ್ಲ. ಬದಲಾಗಿರುವುದು ಪಾಲಿನ ಪ್ರಮಾಣ ಮತ್ತು ಕೆಲವು ಹೊಸ ವಿಷಯಗಳು. ಹಳೆಯ ಕೋರ್ 1ರಲ್ಲಿ ಶೇ. 20 ಇದ್ದ ನೆಟ್‌ವರ್ಕಿಂಗ್ ಈಗ 23 ಆಗಿದೆ, ಕೋರ್ 2ರಲ್ಲಿ ಶೇ. 25 ಇದ್ದ ಸೆಕ್ಯುರಿಟಿ 28ಕ್ಕೆ ಏರಿದೆ, ಕೃತಕ ಬುದ್ಧಿಮತ್ತೆಯ ಪ್ರಾಥಮಿಕ ತಿಳಿವಳಿಕೆ ಹೊಸದಾಗಿ ಸೇರಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ವಿಂಡೋಸ್ ಕುರಿತ ಅಧ್ಯಾಯಗಳನ್ನು ಮಾತ್ರ ಹೊಸ ಸಾಮಗ್ರಿಯಿಂದಲೇ ಓದಿ. ಹೊಸ ಪಟ್ಟಿಯನ್ನು ಮುದ್ರಿಸಿಕೊಂಡು, ಹಳೆಯ ಪುಸ್ತಕದಲ್ಲಿ ಸರಿಯಾಗಿ ಸಿಗುವ ಪ್ರತಿ ಅಂಶದ ಎದುರು ಪುಟ ಸಂಖ್ಯೆ ಬರೆಯಿರಿ. ಖಾಲಿ ಉಳಿಯುವ ಸಾಲುಗಳಿಗೆ ಮಾತ್ರ ಬೇರೆ ಮೂಲ ಹುಡುಕಿದರೆ ಸಾಕು.

ಆ ಬೇರೆ ಮೂಲಕ್ಕೂ ಹಣ ಬೇಕಾಗಲಿಕ್ಕಿಲ್ಲ. ಪ್ರೊಫೆಸರ್ ಮೆಸ್ಸರ್ ಎಂದೇ ಹೆಸರಾದವರು ಯೂಟ್ಯೂಬಿನಲ್ಲಿ ಎರಡೂ ಪತ್ರಿಕೆಗಳ ಪೂರ್ತಿ ಪಾಠವನ್ನು ಉಚಿತವಾಗಿ ಇಟ್ಟಿದ್ದಾರೆ. ಅವರ ವಿಡಿಯೋಗಳನ್ನು ಸಿಲೆಬಸ್ ಪಟ್ಟಿಯ ಕ್ರಮಸಂಖ್ಯೆಗೆ ಅನುಗುಣವಾಗಿಯೇ ಜೋಡಿಸಲಾಗಿದೆ ಎಂಬುದು ನಾನು ಅವನ್ನು ಎಲ್ಲರಿಗೂ ಹೇಳಲು ಮುಖ್ಯ ಕಾರಣ. ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದ ಊರು ನಮ್ಮದಾದ್ದರಿಂದ, ಮೊಬೈಲಿನ ಯೂಟ್ಯೂಬ್ ಆ್ಯಪಿನಲ್ಲೇ ಮುಂದಿನ ವಾರದ ಪಾಠಗಳನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಒಂದು ಎಚ್ಚರಿಕೆ: ಒಂದು ಪುಸ್ತಕ, ಒಂದು ವಿಡಿಯೋ ಸರಣಿ, ಇಷ್ಟಕ್ಕೆ ನಿಲ್ಲಿಸಿ. ನಾಲ್ಕು ಕಡೆಯ ಪಾಠಗಳನ್ನು ಶುರು ಮಾಡಿ ಯಾವುದನ್ನೂ ಅರ್ಧ ದಾಟದವರನ್ನು ಸಾಕಷ್ಟು ನೋಡಿದ್ದೇನೆ.

ಕನ್ನಡ ಮಾಧ್ಯಮದಲ್ಲಿ ಓದಿದವರು ಎಂದೂ ನೀವು ಬರೆದಿದ್ದೀರಿ. ಪಾಠದ ಇಂಗ್ಲಿಷ್ ನಿಮಗೆ ತೊಡಕಾಗದು. ತೊಡಕಾಗುವುದು ಪ್ರಶ್ನೆಯ ಇಂಗ್ಲಿಷ್. ನಾಲ್ಕು ಉತ್ತರಗಳಲ್ಲಿ ಮೂರು ಸರಿಯೆಂದೇ ತೋರುವಾಗ, ತಂತ್ರಜ್ಞ ಮೊಟ್ಟಮೊದಲು ಏನು ಮಾಡಬೇಕು, ಮುಂದಿನ ಹೆಜ್ಜೆ ಯಾವುದು, ಅತಿ ಸಂಭವನೀಯ ಕಾರಣ ಯಾವುದು ಎಂಬ ಒಂದು ಪದದ ಮೇಲೆ ಉತ್ತರ ನಿಂತಿರುತ್ತದೆ. ಆದ್ದರಿಂದ ಪಾಠವನ್ನು ಕನ್ನಡದಲ್ಲಿ ಟಿಪ್ಪಣಿ ಮಾಡಿಕೊಂಡರೂ ಅಭ್ಯಾಸದ ಪ್ರಶ್ನೆಗಳನ್ನು ಮಾತ್ರ ಇಂಗ್ಲಿಷಿನಲ್ಲೇ, ಗಡಿಯಾರ ಇಟ್ಟುಕೊಂಡು ಬಿಡಿಸಿ. ಅಮೆರಿಕದಲ್ಲಿ ಬರೆದ ಪುಸ್ತಕಗಳಲ್ಲಿ 120 ವೋಲ್ಟ್ ವಿದ್ಯುತ್ತು, ಕೇಬಲ್ ಟಿವಿ ಮೂಲಕ ಬರುವ ಇಂಟರ್ನೆಟ್ಟು, ಅದರ ಎಫ್ ಟೈಪ್ ಕನೆಕ್ಟರು ಪದೇ ಪದೇ ಬರುತ್ತವೆ. ನಮ್ಮಲ್ಲಿ 230 ವೋಲ್ಟ್, ತಂತಿಯ ಮೂಲಕ ಬರುವ ಇಂಟರ್ನೆಟ್ಟು ಹೆಚ್ಚಾಗಿ ಫೈಬರ್. ಆದರೂ ಅವು ಸಿಲೆಬಸ್ಸಿನಲ್ಲಿರುವುದರಿಂದ ನಮಗೆ ಸಂಬಂಧವಿಲ್ಲವೆಂದು ಬಿಡುವಂತಿಲ್ಲ.

ಈಗ ಹಳೆಯ ಯಂತ್ರದ ಮಾತಿಗೆ ಬರುತ್ತೇನೆ, ಏಕೆಂದರೆ ನನ್ನ ದೃಷ್ಟಿಯಲ್ಲಿ ಅದೇ ಎಲ್ಲಕ್ಕಿಂತ ಮುಖ್ಯವಾದ ಅಧ್ಯಯನ ಸಾಮಗ್ರಿ. ಯಂತ್ರಗಳಿಗೆ ನೆಟ್‌ವರ್ಕ್ ವಿಳಾಸ ಹಂಚುವ ಡಿಎಚ್‌ಸಿಪಿ ಸಿಗದಿದ್ದರೆ ವಿಂಡೋಸ್ 169.254 ಎಂದು ಆರಂಭವಾಗುವ ವಿಳಾಸವನ್ನು ತಾನೇ ಕೊಟ್ಟುಕೊಳ್ಳುತ್ತದೆ ಎಂಬ ಸಾಲು ಎಲ್ಲ ಪುಸ್ತಕಗಳಲ್ಲೂ ಇದೆ, ಎಲ್ಲರೂ ಅದನ್ನು ಬಾಯಿಪಾಠ ಮಾಡುತ್ತಾರೆ. ಆದರೆ ಸಿಡಿಲಿನ ಮಳೆಯ ಮರುದಿನ ಕಚೇರಿಯೊಂದಕ್ಕೆ ಹೋದಾಗ, ಕೇಬಲ್ ಕನೆಕ್ಷನ್ನೇ ಇಲ್ಲವೆಂದು ತೋರಿಸುವ ಯಂತ್ರವನ್ನೂ, ಲಿಂಕ್ ದೀಪ ಉರಿಯುತ್ತಿದ್ದು 169.254 ತೋರಿಸುವ ಯಂತ್ರವನ್ನೂ ಒಂದೇ ಎಂದು ತಿಳಿದು ಎರಡಕ್ಕೂ ಹೊಸ ಕೇಬಲ್ ಹಾಕಲು ಹೊರಡುವವರಿದ್ದಾರೆ. ಮೊದಲನೆಯದರಲ್ಲಿ ಲ್ಯಾನ್ ಪೋರ್ಟೋ ಕೇಬಲ್ಲೋ ಸತ್ತಿರಬಹುದು. ಎರಡನೆಯದರಲ್ಲಿ ತಂತಿ ಜೀವಂತವಾಗಿದೆ, ವಿಳಾಸ ಹಂಚುವ ಸಾಧನ ಉತ್ತರಿಸುತ್ತಿಲ್ಲ. ಇದನ್ನು ಮನೆಯಲ್ಲೇ ಕಾಣಬಹುದು. ಬೇರೆ ಯಾರೂ ಇಂಟರ್ನೆಟ್ ಬಳಸದ ಹೊತ್ತಿನಲ್ಲಿ ರೂಟರ್‌ನ ಸೆಟ್ಟಿಂಗ್ ಪುಟಕ್ಕೆ ಹೋಗಿ ಡಿಎಚ್‌ಸಿಪಿಯನ್ನು ಆಫ್ ಮಾಡಿ, ಕಂಪ್ಯೂಟರಿನ ಕಮಾಂಡ್ ಪ್ರಾಂಪ್ಟಿನಲ್ಲಿ ಇದ್ದ ವಿಳಾಸ ಬಿಡಲು ಐಪಿಕಾನ್ಫಿಗ್ ರಿಲೀಸ್ (ipconfig /release), ಅನಂತರ ಹೊಸದನ್ನು ಕೇಳಲು ರಿನ್ಯೂ (ipconfig /renew) ಕೊಟ್ಟು ಕಾಯಿರಿ. 169.254 ಬಂದ ಮೇಲೆ ರೂಟರ್‌ನ ಪುಟವೇ ತೆರೆಯುವುದಿಲ್ಲ. ಅದನ್ನು ಮತ್ತೆ ತೆರೆಯಲು ರೂಟರ್‌ನ ಸಾಲಿಗೆ ಸೇರುವ ವಿಳಾಸವನ್ನು ನೀವೇ ಕೈಯಿಂದ ತುಂಬಬೇಕಾಗುತ್ತದೆ, ಯಾವ ವಿಳಾಸಗಳು ಒಂದೇ ಸಾಲಿನವು ಎಂದು ತಿಳಿಸುವ ಸಬ್‌ನೆಟ್ ಮಾಸ್ಕ್ ಏಕೆ ಬೇಕು ಎಂಬುದು ಆಗ ತಾನಾಗಿ ತಿಳಿಯುತ್ತದೆ. ಈಜು ಕಲಿಯಲು ನೀರಿಗೆ ಇಳಿಯಲೇಬೇಕಾದ ಹಾಗೆ ಇದು. ನಾಲ್ಕು ವಿಡಿಯೋ ನೋಡಿದರೂ ಈ ತಿಳಿವಳಿಕೆ ಕೂಡದು.

ಪ್ರಿಂಟರ್ ಕೂಡ ಹಾಗೆಯೇ. ಮುದ್ರಿಸಿದ ಅಕ್ಷರ ಬೆರಳು ತಾಗಿದರೆ ಅಳಿಸಿಹೋಗುತ್ತಿದ್ದರೆ ದೋಷ ಫ್ಯೂಸರ್‌ನದು, ಏಕೆಂದರೆ ಟೋನರ್ ಪುಡಿಯನ್ನು ಬಿಸಿಯಿಂದ ಕಾಗದಕ್ಕೆ ಕರಗಿಸಿ ಹಿಡಿಸುವುದು ಅದೇ. ಜೂನ್, ಜುಲೈ ತಿಂಗಳಲ್ಲಿ ನಮ್ಮ ಕರಾವಳಿಯ ಜೆರಾಕ್ಸ್ ಅಂಗಡಿಗಳಲ್ಲಿ ಕಾಗದ ಪದೇ ಪದೇ ಜಾಮ್ ಆದರೆ ರೋಲರ್ ಬದಲಾಯಿಸುವ ಮೊದಲು ಕಾಗದ ತೇವ ಹೀರಿದೆಯೇ ಎಂದು ನೋಡಬೇಕು. ಏಳು ಹಂತಗಳನ್ನು ಪಟ್ಟಿಯಾಗಿ ಕಲಿಯುವ ಬದಲು ಯಾವ ಹಂತ ಕೆಟ್ಟರೆ ಹಾಳೆಯ ಮೇಲೆ ಏನು ಕಾಣುತ್ತದೆ ಎಂದು ಕಲಿತರೆ ಪರೀಕ್ಷೆಯ ಪ್ರಶ್ನೆಯೂ ಅಂಗಡಿಗೆ ಬರುವ ಗಿರಾಕಿಯ ದೂರೂ ಒಂದೇ ಎಂದು ನಿಮಗೆ ಅರಿವಾಗುತ್ತದೆ. ವಿಂಡೋಸ್ ಮತ್ತು ಲಿನಕ್ಸ್ ಅಭ್ಯಾಸಕ್ಕೆ, ಒಂದು ಯಂತ್ರದೊಳಗೆ ಇನ್ನೊಂದನ್ನು ಓಡಿಸುವ ವರ್ಚುವಲ್‌ಬಾಕ್ಸ್ ತಂತ್ರಾಂಶ ಉಚಿತವಾಗಿದೆ; ಅದು ಓಡಲು ಹಳೆಯ ಯಂತ್ರದಲ್ಲಿ 8 ಜಿಬಿ ರ್‍ಯಾಮ್ ಇರುವಂತೆ ನೋಡಿಕೊಳ್ಳಿ.

ಹಣ ಕೊಟ್ಟು ಕೊಳ್ಳಲೇಬೇಕಾದದ್ದು ಒಂದಿದ್ದರೆ ಅದು ಅಭ್ಯಾಸ ಪರೀಕ್ಷೆಗಳ ಒಳ್ಳೆಯ ಸಂಗ್ರಹ. ಪ್ರತಿ ಉತ್ತರ ಏಕೆ ಸರಿ ಎಂಬುದರ ಜೊತೆಗೆ ಉಳಿದ ಮೂರು ಏಕೆ ತಪ್ಪು ಎಂದೂ ವಿವರಿಸಿರುವುದನ್ನೇ ಆರಿಸಿ. ತಪ್ಪಾದ ಪ್ರತಿ ಪ್ರಶ್ನೆಯ ಸಿಲೆಬಸ್ ಕ್ರಮಸಂಖ್ಯೆಯನ್ನು ಬರೆದಿಡಿ; ಒಂದೇ ಸಂಖ್ಯೆ ಮತ್ತೆ ಮತ್ತೆ ಬರುತ್ತಿದ್ದರೆ ಆ ಅಧ್ಯಾಯಕ್ಕೆ ಮರಳಿ. ಅದೇ ಪತ್ರಿಕೆಯನ್ನು ಮತ್ತೆ ಬರೆದು ಬರುವ ಅಂಕಕ್ಕೆ ಬೆಲೆಯಿಲ್ಲ, ಮೊದಲ ಸಲ ನೋಡುವ ಪತ್ರಿಕೆಯಲ್ಲಿ ಶೇ. 85ರ ಹತ್ತಿರ ಬರುವಂತಾದಾಗ ಪರೀಕ್ಷೆಗೆ ದಿನ ಗೊತ್ತುಮಾಡಿ. ಪಾಸಾಗಲು ಕೋರ್ 1ರಲ್ಲಿ 675, ಕೋರ್ 2ರಲ್ಲಿ 700 ಬೇಕು, ಆದರೆ ಅದು 100ರಿಂದ 900ರವರೆಗಿನ ಮಾಪನ. ಅದನ್ನು ಶೇಕಡಾವಾರು ಎಂದು ಲೆಕ್ಕ ಹಾಕಬೇಡಿ. ಎಳೆದು ಜೋಡಿಸುವ, ಸೆಟ್ಟಿಂಗ್ ಮಾಡಿ ತೋರಿಸುವ ಪ್ರಶ್ನೆಗಳು ಸಾಮಾನ್ಯವಾಗಿ ಮೊದಲಿಗೇ ಬರುತ್ತವೆ, ಅವು ಹೆಚ್ಚು ಸಮಯ ತಿನ್ನುತ್ತವೆ. ಗುರುತು ಮಾಡಿ ಮುಂದೆ ಸಾಗಿ, ಕೊನೆಯಲ್ಲಿ ಮರಳಿ ಬರುವುದನ್ನು ಅಭ್ಯಾಸದಲ್ಲೇ ರೂಢಿಸಿಕೊಳ್ಳಿ.

ಟೆಲಿಗ್ರಾಂನ ಪಿಡಿಎಫ್ ಬಗ್ಗೆ ನನಗೆ ಯಾವ ಸಂದೇಹವೂ ಇಲ್ಲ: ಮುಟ್ಟಬೇಡಿ. ಅದು ಡಂಪ್, ಅಂದರೆ ಪರೀಕ್ಷೆಯಿಂದ ಕದ್ದು ಹಂಚಿದ ಪ್ರಶ್ನೆಗಳ ಸಂಗ್ರಹ. ಅದನ್ನು ಬಳಸುವುದು ಪರೀಕ್ಷೆಗೆ ಮೊದಲು ನೀವು ಒಪ್ಪಿಕೊಳ್ಳುವ ಕರಾರಿಗೆ ವಿರುದ್ಧ, ಗೊತ್ತಾದರೆ ಪ್ರಮಾಣಪತ್ರವನ್ನು ರದ್ದು ಮಾಡುವ ಅಧಿಕಾರ ಸಂಸ್ಥೆಗಿದೆ. ಅದರಲ್ಲಿರುವ ಉತ್ತರಗಳು ಸರಿಯೆಂಬ ಖಾತ್ರಿಯೂ ಇಲ್ಲ. ಸಂದರ್ಶನದಲ್ಲಿ ನಾವು ಪ್ರಮಾಣಪತ್ರ ನೋಡಿ ಸುಮ್ಮನಾಗುವುದಿಲ್ಲ, ಆನ್ ಆಗದ ಒಂದು ಡೆಸ್ಕ್‌ಟಾಪನ್ನು ಮುಂದಿಟ್ಟು ಎಲ್ಲಿಂದ ಶುರು ಮಾಡುತ್ತೀರಿ ಎಂದು ಕೇಳುತ್ತೇವೆ.

ಕೋಚಿಂಗ್ ಸೇರುವ ಯೋಚನೆ ಇದ್ದರೆ, ಮಂಗಳೂರಾಗಲಿ ಉಡುಪಿಯಾಗಲಿ, ಫೀಸು ಕಟ್ಟುವ ಮೊದಲು ಕೆಲವು ಪ್ರಶ್ನೆಗಳನ್ನು ನೇರವಾಗಿ ಕೇಳಿ. ಯಾವ ಸಂಕೇತದ ಪರೀಕ್ಷೆಗೆ ಕಲಿಸುತ್ತೀರಿ, ಪರೀಕ್ಷೆಯ ವೋಚರ್ (ಶುಲ್ಕ ಕಟ್ಟಿ ಪಡೆಯುವ ಸಂಕೇತ) ಈ ಹಣದಲ್ಲಿ ಸೇರಿದೆಯೇ, ಕೊನೆಯಲ್ಲಿ ಸಿಗುವುದು ಕಾಂಪ್‌ಟಿಯಾದ ಪ್ರಮಾಣಪತ್ರವೋ ನಿಮ್ಮದೇ ಕೇಂದ್ರದ ಸರ್ಟಿಫಿಕೇಟೋ, ವಾರಕ್ಕೆ ಎಷ್ಟು ಗಂಟೆ ಯಂತ್ರವನ್ನು ನನ್ನ ಕೈಗೆ ಕೊಡುತ್ತೀರಿ? ಹಾರ್ಡ್‌ವೇರ್ ಮತ್ತು ನೆಟ್‌ವರ್ಕಿಂಗ್ ಎಂದು ಕಲಿಸುವ ಎಲ್ಲ ಕಡೆಯೂ ಎ ಪ್ಲಸ್‌ಗೆ ತಯಾರು ಮಾಡುವುದಿಲ್ಲ. ವೋಚರನ್ನು ನೀವೇ ಕೊಳ್ಳುವುದಾದರೆ ಮೊದಲು ಕೋರ್ 1ಕ್ಕೆ ಮಾತ್ರ ಕೊಳ್ಳಿ. ಅನುತ್ತೀರ್ಣರಾದರೆ ಎರಡನೆಯ ಪ್ರಯತ್ನಕ್ಕೆ ಕಾಯಬೇಕಾಗಿಲ್ಲ, ಆದರೆ ಪೂರ್ತಿ ಶುಲ್ಕವನ್ನು ಮತ್ತೆ ಕಟ್ಟಬೇಕಾಗುತ್ತದೆ. ಮೂರನೆಯ ಪ್ರಯತ್ನಕ್ಕೆ 14 ದಿನ ಕಾಯಬೇಕು. ಕೋರ್ 2ನ್ನು ಅದೇ ಸರಣಿಯಲ್ಲಿ, ಅಂದರೆ 1201ರ ಜೊತೆಗೆ 1202ನ್ನೇ ಪಾಸು ಮಾಡಬೇಕಾಗಿರುವುದರಿಂದ, ಎರಡರ ನಡುವೆ ವರ್ಷಗಟ್ಟಲೆ ಅಂತರ ಬಿಡಬೇಡಿ.