ಟಿ-ಪಟ್ಟಿಗೆ ಸೀಳು ಕೊರೆಯಲು ಯಾವ ಯಂತ್ರ?

ಸರ್, ನೀವು ಕೇಳಿದ್ದು ಇಷ್ಟು: 18 ಮಿ.ಮೀ. ಪ್ಲೈವುಡ್‌ನಲ್ಲಿ ಎರಡು ಕಪಾಟು ಮಾಡುತ್ತಿದ್ದೀರಿ, ಪಕ್ಕದ ಹಲಗೆಗಳ ಮುಂಭಾಗ ಬಾಗಿದೆ, ಅಂಚಿಗೆ ಪ್ಲಾಸ್ಟಿಕ್ ಟಿ-ಪಟ್ಟಿ (ಇಂಗ್ಲಿಷಿನ ‘ಟಿ’ ಆಕಾರದ, ನಡುವಿನ ನಾಲಿಗೆ ಅಂಚಿನ ಸೀಳಿನೊಳಗೆ ಕೂರುವ ಪಟ್ಟಿ) ಕೂರಿಸಬೇಕು. ಮನೆಯಲ್ಲಿ ಸಾಧಾರಣ ಟ್ರಿಮ್ಮರ್ (ಅಂಚು ಸವರುವ ಸಣ್ಣ ರೂಟರ್) ಮತ್ತು ನಾಲ್ಕು ಇಂಚಿನ ಕಟ್ಟರ್ (ದುಂಡು ಬ್ಲೇಡಿನ ಕೈಗರಗಸ) ಇವೆ. ಅಂಗಡಿಯವರು ಗ್ರೈಂಡರ್‌ಗೆ ಮರದ ಬ್ಲೇಡ್ ಹಾಕಿದರೆ ಸಾಕು ಎಂದಿದ್ದಾರೆ.

ಗ್ರೈಂಡರ್ ಬೇಡವೇ ಬೇಡ. ಆಧಾರಕ್ಕೆ ತಳಪಟ್ಟಿ ಇಲ್ಲದ ಯಂತ್ರಕ್ಕೆ ಹಲ್ಲಿನ ಬ್ಲೇಡ್ ಹಾಕಿ ಅಂಚಿಗೆ ಒತ್ತಿದರೆ, ಬ್ಲೇಡ್ ಕಚ್ಚಿಕೊಂಡ ಕ್ಷಣದಲ್ಲೇ ಯಂತ್ರ ಕೈಯಿಂದ ಎಗರುತ್ತದೆ. ಬೆರಳು ಉಳಿದರೂ ಸೀಳು ನೇರವಾಗಿ ಬರುವುದಿಲ್ಲ.

ಈ ಕೆಲಸಕ್ಕೆಂದೇ ಇರುವುದು ರೂಟರ್‌ಗೆ (ಬಿಟ್ ತಿರುಗಿಸಿ ಮರ ಕೊರೆಯುವ ಯಂತ್ರಕ್ಕೆ) ಸಿಕ್ಕಿಸುವ ಸ್ಲಾಟ್ ಕಟ್ಟರ್ ಬಿಟ್: ಒಂದು ದಂಡ, ಅದರ ಮೇಲೆ ಎರಡು ಅಥವಾ ಮೂರು ರೆಕ್ಕೆಯ ತೆಳುವಾದ ಚಕ್ರ (ಮುಂದೆ ಕಟ್ಟರ್ ಎಂದರೆ ಇದೇ), ಜೊತೆಗೊಂದು ಬೇರಿಂಗ್. ಬೇರಿಂಗ್ ಅಂಚಿಗೆ ತಾಗಿಕೊಂಡು ಉರುಳುವುದರಿಂದ ಹಲಗೆ ಎಷ್ಟೇ ಬಾಗಿದ್ದರೂ ಸೀಳಿನ ಆಳ ಬದಲಾಗುವುದಿಲ್ಲ. ಹಳೆಯ ವಿಡಿಯೋ ಗೇಮ್ ಪೆಟ್ಟಿಗೆಗಳ ಬಾಗಿದ ಅಂಚುಗಳಲ್ಲಿ ಕಾಣುವುದು ಇದೇ ಟಿ-ಪಟ್ಟಿ. ಅವುಗಳನ್ನು ಮನೆಯಲ್ಲೇ ಕಟ್ಟುವ ಹವ್ಯಾಸಿಗಳು ಇಂದಿಗೂ ಬಳಸುವುದು ಇದೇ ಬಿಟ್.

ಆದರೆ ದಯವಿಟ್ಟು ಬಿಟ್ ಮೊದಲು ಕೊಳ್ಳಬೇಡಿ. ಮೊದಲು ಪಟ್ಟಿ ತನ್ನಿ. ಅದರ ಒಂದು ತುಂಡನ್ನು ಅಡ್ಡ ಕತ್ತರಿಸಿ ಬೆಳಕಿಗೆ ಹಿಡಿದು ನೋಡಿ: ನಡುವಿನ ನಾಲಿಗೆ, ಅದರ ಎರಡೂ ಬದಿಗೆ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳುಗಳು. ನಾಲಿಗೆಯ ದಪ್ಪವನ್ನು ಮುಳ್ಳು ಬಿಟ್ಟು ಒಮ್ಮೆ, ಮುಳ್ಳು ಸೇರಿಸಿ ಒಮ್ಮೆ ಕ್ಯಾಲಿಪರ್‌ನಿಂದ ಅಳೆಯಿರಿ. ಸೀಳಿನ ಅಗಲ ಈ ಎರಡರ ನಡುವೆ ಇರಬೇಕು. ಬಹಳಷ್ಟು ಪಟ್ಟಿಗಳಿಗೆ 1.6 ಮಿ.ಮೀ. ಕಟ್ಟರ್ ಸರಿಹೋಗುತ್ತದೆ, ಕೆಲವಕ್ಕೆ 2.4 ಬೇಕು. ಅರ್ಧ ಮಿಲಿಮೀಟರ್ ಹೆಚ್ಚಾದರೂ ಮುಳ್ಳು ಹಿಡಿಯುವುದಿಲ್ಲ, ಬಿಳಿ ಫೆವಿಕಾಲ್ ತುಂಬಿದರೂ ಪ್ಲಾಸ್ಟಿಕ್‌ಗೆ ಅಂಟುವುದಿಲ್ಲ.

ಪಟ್ಟಿಯ ಅಗಲವನ್ನೂ ಆಗಲೇ ನೋಡಿಕೊಳ್ಳಿ. ಹೊರಗೆ 1 ಮಿ.ಮೀ., ಒಳಗೆ 0.8 ಮಿ.ಮೀ. ಲ್ಯಾಮಿನೇಟ್ ಅಂಟಿಸಿದರೆ ನಿಮ್ಮ 18 ಮಿ.ಮೀ. ಹಲಗೆ ಹೆಚ್ಚುಕಡಿಮೆ 20 ಆಗುತ್ತದೆ. ಆದ್ದರಿಂದ ಲ್ಯಾಮಿನೇಟ್ ಅಂಟಿಸಿದ ಮೇಲೆ, ಆದರೆ ಕಪಾಟು ಜೋಡಿಸುವ ಮೊದಲು ಸೀಳು ಹೊಡೆಯಬೇಕು.

ಆಳದ ಲೆಕ್ಕ ಸುಲಭ. ಕಟ್ಟರ್ ವ್ಯಾಸದಿಂದ ಬೇರಿಂಗ್ ವ್ಯಾಸ ಕಳೆದು ಅರ್ಧ ಮಾಡಿ. 47.6 ಮಿ.ಮೀ. ಕಟ್ಟರ್‌ಗೆ 22ರ ಬೇರಿಂಗ್ ಇದ್ದರೆ 12.8 ಮಿ.ಮೀ. ಆಳ, 28ರ ಬೇರಿಂಗ್ ಇದ್ದರೆ 9.8. ನಾಲಿಗೆ 8 ಮಿ.ಮೀ. ಉದ್ದವಿದ್ದರೆ 28ರದ್ದೇ ಸರಿ. ತಳದಲ್ಲಿ ಪುಡಿ ಕೂತರೂ ಪಟ್ಟಿ ಪೂರ್ತಿ ಒಳಗೆ ಹೋಗುತ್ತದೆ. ಅಂಚಿನ ಆ ಹತ್ತು ಮಿಲಿಮೀಟರ್‌ನಲ್ಲಿ ಒಂದೇ ಒಂದು ಮೊಳೆಯೂ ಇರಬಾರದು, ಕಾರ್ಬೈಡ್ ಹಲ್ಲು ಸಿಡಿಯುತ್ತದೆ.

ಈಗ ನಿಮ್ಮ ಟ್ರಿಮ್ಮರ್ ವಿಷಯ. ಮಕಿಟಾ 3709ರಂಥ ಸಾಮಾನ್ಯ ಟ್ರಿಮ್ಮರ್ 530 ವಾಟ್‌ನದು, ನಿಮಿಷಕ್ಕೆ 30,000 ಸುತ್ತು, ವೇಗ ಕಡಿಮೆ ಮಾಡುವ ಸೌಲಭ್ಯವಿಲ್ಲ. ಆ ವೇಗದಲ್ಲಿ 47.6 ಮಿ.ಮೀ. ಚಕ್ರದ ಹಲ್ಲಿನ ತುದಿ ಸೆಕೆಂಡಿಗೆ ಸುಮಾರು 75 ಮೀಟರ್ ಓಡುತ್ತದೆ. 16,000 ಸುತ್ತಿಗೆ ಇಳಿಸಿದರೆ ಅದೇ ತುದಿ 40 ಮೀಟರ್. ಬಿಟ್ ಮೇಲೆ ಗರಿಷ್ಠ ವೇಗ ಬರೆದಿರುತ್ತದೆ, ಅದನ್ನು ಮೀರಬೇಡಿ. ಫ್ಯಾನ್ ರೆಗ್ಯುಲೇಟರ್ ಸಿಕ್ಕಿಸಿ ವೇಗ ಇಳಿಸುವ ಪ್ರಯತ್ನವೂ ಬೇಡ. ವೇಗ ನಿಯಂತ್ರಣವಿರುವ ಯಂತ್ರವೇ ಬೇಕು. ಮಕಿಟಾ ಆರ್‌ಟಿ 0700ಸಿ 710 ವಾಟ್‌ನದು, 10,000ದಿಂದ 30,000ದವರೆಗೆ ವೇಗ ಬದಲಿಸಬಹುದು. 1,000 ವಾಟ್ ಮೇಲ್ಪಟ್ಟ ರೂಟರ್ ಸಿಕ್ಕರೆ ನಾನು ಅದನ್ನೇ ಆರಿಸುತ್ತೇನೆ. ಅದರ ಅಗಲವಾದ ತಳ ಹಲಗೆಯ ಮೇಲೆ ವಾಲದೆ ಕೂರುತ್ತದೆ. ಈ ಕೆಲಸದಲ್ಲಿ ಯಂತ್ರ ಕೂದಲೆಳೆಯಷ್ಟು ವಾಲಿದರೂ ಸೀಳು ಅಗಲವಾಗಿಬಿಡುತ್ತದೆ. ಬಿಟ್ ಕೊಳ್ಳುವಾಗ ದಂಡದ ಅಳತೆ ನಿಮ್ಮ ಯಂತ್ರದ ಕೊಲೆಟ್‌ಗೆ (ದಂಡವನ್ನು ಹಿಡಿಯುವ ಬಾಯಿಗೆ) ಹೊಂದಬೇಕು. 6 ಮಿ.ಮೀ. ಮತ್ತು 6.35 ಮಿ.ಮೀ. ಒಂದೇ ಅಲ್ಲ.

ನಾಲ್ಕು ಇಂಚಿನ ಕಟ್ಟರ್ ನೇರ ಅಂಚುಗಳಿಗೆ ಮಾತ್ರ ನಡೆಯುತ್ತದೆ, ಅದೂ ಬ್ಲೇಡ್ ಮೇಲೆ ಬರೆದ ಕೊಯ್ತದ ಅಗಲ ನಿಮ್ಮ ಪಟ್ಟಿಗೆ ಹೊಂದಿದರೆ, ಮತ್ತು ಅದರ ತಳ ಕೂರುವಷ್ಟು ಅಗಲ ಸಿಗುವಂತೆ ಅಂಚಿನ ಎರಡೂ ಬದಿಗೆ ಮಟ್ಟಸವಾಗಿ ರಿಪೀಸು ಕಟ್ಟಿದರೆ. ಬಾಗಿದ ಕಡೆ ಅದು ಕೆಲಸಕ್ಕೆ ಬಾರದು.

ಹೊಡೆಯುವಾಗ ಎಲ್ಲ ಹಲಗೆಗಳಲ್ಲೂ ಯಂತ್ರದ ತಳ ಹೊರಮುಖದ ಮೇಲೆಯೇ ಕೂರಲಿ. ಕಟ್ಟರ್ ನಡುವಿಗೆ ಸರಿಯಾಗಿಲ್ಲದಿದ್ದರೆ ಪಟ್ಟಿ ಒಂದು ಬದಿಗೆ ಕೂದಲೆಳೆಯಷ್ಟು ಚಾಚಿ ನಿಲ್ಲುತ್ತದೆ, ಆದರೆ ಎಲ್ಲ ಹಲಗೆಗಳಲ್ಲೂ ಒಂದೇ ಬದಿಗೆ. ನಡು ಸಿಗಲೆಂದು ಹಲಗೆ ತಿರುಗಿಸಿ ಎರಡನೇ ಸಲ ಹೊಡೆದರೆ ಸೀಳು ಅಗಲವಾಗಿ ಪಟ್ಟಿ ಜಾರುತ್ತದೆ. ಅಂಚಿಗೆ ಎದುರಾಗಿ ನಿಂತು ಎಡದಿಂದ ಬಲಕ್ಕೆ ಸಾಗಿ. ಮುಗಿದಾಗ ಯಂತ್ರವನ್ನು ಮೇಲಕ್ಕೆ ಎತ್ತಬೇಡಿ, ಅಡ್ಡಲಾಗಿಯೇ ಹೊರಗೆಳೆದು ಆಮೇಲೆ ಆರಿಸಿ. ತಿರುಗುತ್ತಿರುವ ಕಟ್ಟರ್ ಮೇಲೆದ್ದರೆ ಪ್ಲೈನ ಮೇಲ್ಪದರ ಸಿಬಿರೆದ್ದು ಹೋಗುತ್ತದೆ, ಅದನ್ನು ಮುಚ್ಚಲು ಯಾವ ಪಟ್ಟಿಗೂ ಆಗದು. ಕನ್ನಡಕ, ಮಾಸ್ಕ್ ಹಾಕಿಕೊಳ್ಳಿ. ಬಿಟ್ ಬದಲಿಸುವಾಗ ಪ್ಲಗ್ ಕಿತ್ತಿಡಿ, ಚಕ್ರ ಹಿಡಿದ ನಟ್ ಬಿಗಿಯಿದೆಯೇ ಎಂದು ಪ್ರತಿ ಸಲ ನೋಡಿ.

ಪಟ್ಟಿ ಕೂರಿಸಲು ರಬ್ಬರ್ ಸುತ್ತಿಗೆ ಸಾಕು. ಹೊರಮೂಲೆಯಲ್ಲಿ ನಾಲಿಗೆಗೆ ಇಂಗ್ಲಿಷಿನ ‘ವಿ’ ಆಕಾರದ ಕಚ್ಚು ಹಾಕಿ, ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ ಬಾಗಿಸಿ.

ಎರಡೇ ಕಪಾಟಿಗಾಗಿ ಹೊಸ ಯಂತ್ರ ಬೇಡವೆನಿಸಿದರೆ ಬಿಟ್ ಮಾತ್ರ ಕೊಂಡು, ರೂಟರ್ ಇರುವ ಹತ್ತಿರದ ಬಡಗಿಯ ಬಳಿ ಹಲಗೆಗಳನ್ನು ಒಯ್ಯಿರಿ. ಪಟ್ಟಿಯ ಒಂದಡಿ ತುಂಡು ಮತ್ತು ಅದೇ ಪ್ಲೈನ ಚೂರೊಂದು ನಿಮ್ಮ ಜೊತೆಗಿರಲಿ. ಆ ಚೂರಿನಲ್ಲಿ ಪಟ್ಟಿ ಬಿಗಿಯಾಗಿ ಕೂತದ್ದನ್ನು ಕಣ್ಣಾರೆ ಕಂಡ ಮೇಲೆಯೇ ಹಲಗೆಗೆ ಕೈ ಹಾಕಲು ಹೇಳಿ.